ಲೈಸೆನ್ಸ್ ಅಮಾನತಾದ ಮೂರು ತಿಂಗಳು

"ಇನ್ಸೂರನ್ಸ್ ತುಂಬೇನ್ರಿ, ಇನ್ನೇನ್ ಅಂಜಿಕಿ?" ಹತ್ತಿ ಬಿಡಿಸುವ ಸುಗ್ಗಿಯಲ್ಲಿ ನವಲಗುಂದ, ಅಣ್ಣಿಗೇರಿ ಕಡೆ ಗಾಡಿ ಇಟ್ಟವರ ಬಾಯಲ್ಲಿ ಈ ಮಾತು ಸಲೀಸಾಗಿ ಬರುತ್ತದೆ. ಲೈಸೆನ್ಸ್ ಅಮಾನತಾಗಿರುವವರೂ ಇದೇ ಧೈರ್ಯದ ಮೇಲೆ ಸ್ಟೇರಿಂಗ್ ಹಿಡಿಯುತ್ತಾರೆ.

ಕುಡಿದು, ಮೊಬೈಲ್‌ನಲ್ಲಿ ಮಾತಾಡುತ್ತ, ಅತಿವೇಗದಲ್ಲಿ ಗಾಡಿ ಓಡಿಸಿದವರ, ಸರಕು ಗಾಡಿಯಲ್ಲಿ ಜನರನ್ನು ತುಂಬಿದವರ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಎಂದು ಸುಪ್ರೀಂ ಕೋರ್ಟ್‌ನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ತಾಕೀತು ಮಾಡಿದೆ. ಕುಂದಗೋಳದ ಮೆಣಸಿನಕಾಯಿ ಹೊಲಕ್ಕೆ ಕೂಲಿಯಾಳುಗಳನ್ನು ಗೂಡ್ಸ್ ಗಾಡಿಯಲ್ಲಿ ಒಯ್ಯುವುದು ನಮಗೆ ದಿನದ ರೂಢಿ. ಕಾನೂನಿನ ಕಣ್ಣಿಗೆ ಅದೂ ಲೈಸೆನ್ಸ್ ಕಳೆಯುವ ತಪ್ಪು.

ಅಮೆರಿಕದಲ್ಲಿ ಲೈಸೆನ್ಸ್ ಅಮಾನತಾದವರ ವಿಮಾ ಕಂತು ಜಿಗಿಯುತ್ತದೆ. ಬಹಳಷ್ಟು ರಾಜ್ಯಗಳಲ್ಲಿ ವಿಮೆ ಚಾಲ್ತಿಯಲ್ಲಿದೆ ಎಂದು ವರ್ಷಗಟ್ಟಲೆ ಸರ್ಕಾರಕ್ಕೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ನಮ್ಮಲ್ಲಿ ಥರ್ಡ್ ಪಾರ್ಟಿ ವಿಮೆಯ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1000ದಿಂದ 1500 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಓಡಿಸುವವನ ಲೈಸೆನ್ಸ್ ಹೇಗಿದ್ದರೂ ಅದು ಒಂದು ರೂಪಾಯಿಯೂ ಏರದು. ಮೋಸ ಹೋಗುವುದು ಇಲ್ಲೇ. ನಿಜವಾದ ಬೆಲೆ ಅಪಘಾತವಾದ ಮೇಲೆ ಬರುತ್ತದೆ.

"ಮಾಮಾ, ಹುಬ್ಬಳ್ಳಿಗೆ ಹೋಗಿ ಲಗೂನ ಬರ್ತೇನಿ" ಎಂದು ಅಳಿಯ ಕೀಲಿ ಕೇಳುತ್ತಾನೆ. ಅವನ ಲೈಸೆನ್ಸ್ ಅಮಾನತಾದದ್ದು ಗೊತ್ತಿದ್ದೂ ಮಾವ ಕೊಡುತ್ತಾನೆ. ದಾರಿಯಲ್ಲಿ ಬೈಕ್ ಸವಾರನಿಗೆ ಗಾಡಿ ಬಡಿಯುತ್ತದೆ. ಗಾಯಾಳುವಿಗೆ ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಬಹುದು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿ ಇದು. ಮಾಲೀಕನ ನಿರ್ಲಕ್ಷ್ಯವನ್ನು ಕಂಪನಿ ಸಾಬೀತು ಮಾಡಬೇಕು ಎಂಬುದು ನಿಜ. ಗೊತ್ತಿದ್ದೇ ಕೀಲಿ ಕೊಟ್ಟ ಮಾವನಿಗೆ ಆ ಆಸರೆಯೂ ಇಲ್ಲ. ದುಡ್ಡು ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಜಿಲ್ಲಾಧಿಕಾರಿಗೆ ಪತ್ರ ಹೋಗುತ್ತದೆ. ಅಂದರೆ ಮಾತು ಹೊಲದವರೆಗೆ ಬಂತು. ಜಖಂ ಆದ ಗಾಡಿಯ ದುರಸ್ತಿ ಖರ್ಚು ಸಿಗದು. ಲೈಸೆನ್ಸ್ ಅಮಾನತಾದ ಮಾಲೀಕನೇ ಓಡಿಸಿ ಸತ್ತರೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಮನೆಯವರ ಕೈಗೆ ಬಾರದು, ಅದಕ್ಕೆ ಚಾಲ್ತಿಯ ಲೈಸೆನ್ಸ್ ಬೇಕೇ ಬೇಕು.

ಗಾಯಾಳುವಿಗೆ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡುವ ಈ ಕಾನೂನು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಚಾಲಕನ ತಪ್ಪಿಗೆ ರಸ್ತೆ ಬದಿ ನಡೆದು ಹೊರಟ ಕೂಲಿ ಹೆಣ್ಣುಮಗಳು ಉಪವಾಸ ಬೀಳಬಾರದು. ಆದರೆ ಅದೇ ಹೆಣ್ಣುಮಗಳು ಗೂಡ್ಸ್ ಗಾಡಿಯ ಹಿಂದೆ ಕೂತಿದ್ದರೆ ವಿಮೆಯ ಹಣ ಸಿಗುವುದೇ ಕಷ್ಟ. ಇದನ್ನು ನಮ್ಮ ಗ್ರಾಮಸಭೆಗಳಲ್ಲಿ ಯಾರಾದರೂ ಬಿಡಿಸಿ ಹೇಳಬೇಕು.

ಹೇಗೂ ಓಡಿಸುವಂತಿಲ್ಲ ಎಂದು ವಿಮೆಯನ್ನೇ ಬಿಡುವವರೂ ಇದ್ದಾರೆ. ಅದು ಇನ್ನೂ ದೊಡ್ಡ ತಪ್ಪು. ಅವಧಿ ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ, ಆ ನಡುವೆ ಮನೆಯವರು ಯಾರೋ ಗಾಡಿ ತೆಗೆದು ಅಪಘಾತವಾದರೆ ಪೂರ್ತಿ ಪರಿಹಾರ ನಿಮ್ಮ ತಲೆಗೇ. ಅಮಾನತು ಸರಿಯಲ್ಲ ಅನಿಸಿದರೆ ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅವಧಿ ಮುಗಿದ ಮೇಲೂ ಲೈಸೆನ್ಸ್ ತಾನಾಗಿ ಮರಳದು. 2019ರ ತಿದ್ದುಪಡಿಯ ಪ್ರಕಾರ ಪುನರ್ ತರಬೇತಿ ಮುಗಿಸಬೇಕು. ಅಷ್ಟರಲ್ಲಿ ಓಡಿಸಿ ಸಿಕ್ಕಿಬಿದ್ದರೆ ಕಾಯ್ದೆಯಲ್ಲಿ 10,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ.

ಅಮಾನತಿನ ಆದೇಶ ಬಂದ ದಿನವೇ ಕೀಲಿಯನ್ನು ಲೈಸೆನ್ಸ್ ಇರುವ ತಮ್ಮನಿಗೋ ಮಗಳಿಗೋ ಕೊಟ್ಟುಬಿಡಿ. ವಿಮೆಯ ಕಂತು ಮಾತ್ರ ತಪ್ಪಿಸಬೇಡಿ.