ತಂದೆಯ ದಂಡ, ಮಗನ ಸಾಲ

ಸತ್ತವರ ವಿಷಯದಲ್ಲಿ ಒಳ್ಳೆಯದನ್ನೇ ಆಡಬೇಕೆಂಬುದು ಲೋಕರೂಢಿ. ಈ ರೂಢಿಯನ್ನು ನಡೆಸಿಕೊಂಡು ಹೋಗುವುದು ಉಪಾಧ್ಯಾಯರ ಮಕ್ಕಳಿಗೆ ಸುಲಭ. ವೈದ್ಯರ ಮಕ್ಕಳಿಗೂ ಅಷ್ಟೇನೂ ಕಷ್ಟವಲ್ಲ. ಪೋಲೀಸು ಅಧಿಕಾರಿಯ ಮಕ್ಕಳ ಪಾಡು ಬೇರೆ. ಉಪಾಧ್ಯಾಯರನ್ನು ಜನ ನೆನೆಯುವುದು ತಾವು ಕಲಿತ ದಿನಗಳ ಜೊತೆಗೆ. ಪೋಲೀಸಿನವನನ್ನು ನೆನೆಯುವುದು ಮನೆಯಲ್ಲಿ ಕಳವಾದ ದಿನದ ಜೊತೆಗೆ, ಜಗಳದಲ್ಲಿ ತಲೆಯೊಡೆದ ದಿನದ ಜೊತೆಗೆ, ಅಣ್ಣನಿಗೋ ಮಗನಿಗೋ ಕೋಳ ಹಾಕಿ ಕರೆದೊಯ್ದ ದಿನದ ಜೊತೆಗೆ. ಒಬ್ಬನ ವೃತ್ತಿಜೀವನವೆಲ್ಲ ಇತರರ ಕೆಟ್ಟ ದಿನಗಳಲ್ಲೇ ಕಳೆದಿದ್ದರೆ, ಅವನು ತೀರಿಕೊಂಡ ಮೇಲೆ ಅದರ ಕಥೆಯನ್ನು ಯಾರ ಬಾಯಿಂದ ಕೇಳಬೇಕು? ಅಥವಾ, ಕೇಳಲೇಬೇಕೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ನನ್ನ ತಂದೆ 1950ರ ದಶಕದಲ್ಲಿ ಸಬ್ ಇನ್‌ಸ್ಪೆಕ್ಟರಾಗಿ ಮೈಸೂರು ಪೋಲೀಸಿಗೆ ಸೇರಿ, ಮೂರು ದಶಕ ಊರೂರು ತಿರುಗಿ, ನಿವೃತ್ತರಾದ ಮೇಲೆ ಸ್ವಂತ ಊರಾದ ಮಾಗಡಿ ತಾಲ್ಲೂಕಿನ ಕುದೂರಿಗೆ ಬಂದು ನೆಲಸಿದರು. ಜಗಲಿಯ ಮೇಲೆ ಕುಳಿತು ಮಳೆಯ ವಿಷಯ, ರಾಗಿಯ ವಿಷಯ ಎಷ್ಟು ಬೇಕಾದರೂ ಮಾತನಾಡುತ್ತಿದ್ದರು. ಕೆಲಸದ ವಿಷಯವನ್ನು ಮಾತ್ರ ಎತ್ತಿದವರಲ್ಲ. ಅವರು ತೀರಿಕೊಂಡಾಗ, ಅವರ ಕೈಕೆಳಗೆ ದುಡಿದಿದ್ದ ದಫೇದಾರರೊಬ್ಬರು ಬಂದು ಕಣ್ಣೀರಿಟ್ಟು, "ಸಾಹೇಬರ ಕೈಯ ಏಟು ತಿಂದವನು ಜನ್ಮದಲ್ಲಿ ಮತ್ತೆ ಕಳವಿಗೆ ಹೋಗ್ತಿರಲಿಲ್ಲ" ಎಂದರು. ಕೂಡಿದ್ದವರೆಲ್ಲ ಹೌದೆಂದು ತಲೆದೂಗಿದರು. ಅದು ಹೊಗಳಿಕೆ. ಆದರೆ ಇದೇ ಮಾತನ್ನು ಏಟು ತಿಂದವನು ಆಡಿದ್ದರೆ ಅದು ದೂರಾಗುತ್ತಿತ್ತು. ನಾನು ತಂದೆಯ ಕಾಗದಗಳನ್ನು ಹುಡುಕಲು ಹೊರಟದ್ದು ಆ ಹೊಗಳಿಕೆಯಿಂದ.

ಪೋಲೀಸಿನವನ ಬದುಕು ಕಾಗದದಲ್ಲಿ ಎಲ್ಲಿರುತ್ತದೆ? ಮೊದಲನೆಯದು ಸೇವಾ ಪುಸ್ತಕ: ಸೇರಿದ ದಿನ, ವರ್ಗವಾದ ಊರು, ಬಡ್ತಿ, ಬಹುಮಾನ, ಶಿಕ್ಷೆ. ಎರಡನೆಯದು ಠಾಣೆಯ ದಾಖಲೆ: ಪ್ರಥಮ ವರ್ತಮಾನ ವರದಿ, ಠಾಣೆಯ ದಿನಚರಿ, ತನಿಖೆಯ ಡೈರಿ. ಮೂರನೆಯದು ನ್ಯಾಯಾಲಯದ ತೀರ್ಪು. ಇವನ್ನು ಅರಸುವವನಿಗೆ ಆಡಳಿತದ ಚರಿತ್ರೆಯೇ ಅಡ್ಡ ಬರುತ್ತದೆ. ಕುದೂರನ್ನೇ ನೋಡಿ. ಭೈರವನದುರ್ಗದ ಬಂಡೆಯೂ ಕದಲಿಲ್ಲ, ಊರೂ ಕದಲಿಲ್ಲ. ಜಿಲ್ಲೆ ಮಾತ್ರ ಬದಲಾಗುತ್ತಲೇ ಬಂದಿದೆ. 1986ರವರೆಗೆ ಬೆಂಗಳೂರು ಜಿಲ್ಲೆ, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ಕಚೇರಿ ಒಡೆದಾಗಲೆಲ್ಲ ಕಡತದ ಕಟ್ಟುಗಳು ಗಾಡಿ ಹತ್ತುತ್ತವೆ. ಅವಧಿ ಮುಗಿದವು ನಾಶವಾಗುತ್ತವೆ. ಇನ್ನು 1956ರ ನವೆಂಬರ್ 1ಕ್ಕೆ ಮುಂಚಿನ ಮಾತಾದರೆ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಐದು ಕಡೆಯ ಪೋಲೀಸು. ಇಡೀ ರಾಜ್ಯಕ್ಕೆ ಒಂದೇ ಪೋಲೀಸು ಕಾಯಿದೆ ಆದದ್ದು 1963ರಲ್ಲಿ, ಜಾರಿಗೆ ಬಂದದ್ದು 1965ರ ಏಪ್ರಿಲ್ 2ರಂದು. 2005ರ ಮಾಹಿತಿ ಹಕ್ಕಿನ ಕಾಯಿದೆ ಬಾಗಿಲನ್ನು ಸ್ವಲ್ಪ ತೆರೆಯಿತು. ನೌಕರನ ಮೇಲಿನ ಮೆಮೊ, ಶಿಕ್ಷೆ ಮೊದಲಾದವು ಅವನ ಖಾಸಗಿ ವಿಷಯವೆಂದು 2012ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಆ ಬಾಗಿಲು ಅರ್ಧ ಮುಚ್ಚಿಕೊಂಡಿತು.

ದೊರೆತ ಕಾಗದವಾದರೂ ಏನು ಹೇಳುತ್ತದೆ? ಕಳ್ಳನನ್ನು ಹಿಡಿದದ್ದಕ್ಕೆ ಇಪ್ಪತ್ತು ರೂಪಾಯಿ ಬಹುಮಾನ, ಜಾತ್ರೆಯ ಬಂದೋಬಸ್ತಿಗೆ ಮೆಚ್ಚುಗೆ, ವರದಿ ತಡಮಾಡಿದ್ದಕ್ಕೆ ಎಚ್ಚರಿಕೆ. ಮಾಡಿದ ಕೆಲಸಕ್ಕೆ ದಾಖಲೆಯುಂಟು, ಮಾಡದೆ ಬಿಟ್ಟದ್ದಕ್ಕೆ ಇಲ್ಲ. ಆದರೆ ಪೋಲೀಸಿನವನ ಒಳ್ಳೆಯತನವಿರುವುದು ಎಷ್ಟೋ ವೇಳೆ ಮಾಡದೆ ಬಿಟ್ಟದ್ದರಲ್ಲಿ: ಎತ್ತಿದ ಲಾಠಿಯನ್ನು ಇಳಿಸಿದ್ದು, ಸುಳ್ಳು ಕೇಸು ಹಾಕೆಂದು ಊರ ಗೌಡ ಹೇಳಿದಾಗ ಒಲ್ಲೆನೆಂದದ್ದು, ಬದುವಿನ ಜಗಳವನ್ನು ಠಾಣೆಯ ಹೊರಗೆ ಮರದ ಕೆಳಗೇ ಮುಗಿಸಿ ಕಳಿಸಿದ್ದು. ನನ್ನ ತಂದೆ ಇಂಥವನ್ನು ಎಷ್ಟು ಮಾಡಿದರೋ, ಯಾವ ಪುಸ್ತಕದಲ್ಲೂ ಇಲ್ಲ. ಮಾಡಬಾರದ್ದನ್ನು ಮಾಡಿದ್ದೂ ಸಾಮಾನ್ಯವಾಗಿ ಇರುವುದಿಲ್ಲ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಕಡತ ಒಂದೇ ಬಗೆಯಾಗಿ ಕುರುಡು.

ಹಾಗಿದ್ದೂ ಒಂದು ಕಾಗದ ಸಿಕ್ಕಿತು. ಸಿಕ್ಕಿದ್ದು ಕಚೇರಿಯಲ್ಲಲ್ಲ, ಅವರ ಟ್ರಂಕಿನಲ್ಲೇ, ಬಹುಮಾನದ ಪತ್ರಗಳ ನಡುವೆ. 1964ರ ಒಂದು ಅರ್ಜಿಯ ನಕಲು. ಬೇರೊಂದು ಜಿಲ್ಲೆಯ ಆ ಠಾಣೆಯ ಹೆಸರು ಇಲ್ಲಿ ಬೇಡ. ತೋಟದ ಮನೆಯ ಕಳವಿನ ಸಂಶಯದ ಮೇಲೆ ಕೂಲಿಯವನೊಬ್ಬನನ್ನು ಎರಡು ರಾತ್ರಿ ಠಾಣೆಯಲ್ಲಿಟ್ಟುಕೊಂಡು ಹೊಡೆದರೆಂದೂ, ಬಲಗೈ ಎತ್ತಲು ಆಗುತ್ತಿಲ್ಲವೆಂದೂ, ಸಬ್ ಇನ್‌ಸ್ಪೆಕ್ಟರರ ಮೇಲೆ ಕ್ರಮ ಕೈಗೊಳ್ಳಬೇಕೆಂದೂ ಬೇರೆಯವರ ಕೈಬರಹದಲ್ಲಿ ಬರೆಸಿ, ಹೆಬ್ಬೆಟ್ಟು ಒತ್ತಿದ್ದ. ಜೊತೆಗೆ ತಂದೆ ಕೊಟ್ಟ ಸಮಜಾಯಿಷಿಯ ಪ್ರತಿ: ಅಂಥದೇನೂ ನಡೆದಿಲ್ಲ, ಅರ್ಜಿದಾರ ಯಾರದೋ ಚಿತಾವಣೆಯಿಂದ ಬರೆದಿದ್ದಾನೆ. ಮೇಲಧಿಕಾರಿಯ ಷರಾ: ಆಧಾರವಿಲ್ಲ, ಮುಕ್ತಾಯ. ಈ ಕಾಗದವನ್ನು ಅವರು ಸುಡಬಹುದಾಗಿತ್ತು. ಸುಡಲಿಲ್ಲ. ಏಕೆಂಬುದನ್ನು ಈಗ ಕೇಳಿ ತಿಳಿಯುವಂತಿಲ್ಲ.

ಇಂಥ ಕಾಗದ ಕೈಗೆ ಬಂದಾಗ ಮಗನ ಮನಸ್ಸಿಗೆ ಹೊಳೆಯುವುದು ಮೂರು ದಾರಿ. ಟ್ರಂಕಿನ ಮುಚ್ಚಳ ಹಾಕಿಬಿಡುವುದು ಒಂದು. ತಂದೆಯ ವಕೀಲನಾಗುವುದು ಇನ್ನೊಂದು. ತಂದೆಯ ನ್ಯಾಯಾಧೀಶನಾಗುವುದು ಮೂರನೆಯದು.

ವಕೀಲನ ಮುಖ್ಯ ವಾದ "ಕಾಲ ಹಾಗಿತ್ತು" ಎಂಬುದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹುಟ್ಟಿದ ಜಾತಿಯ ಕಾರಣಕ್ಕೇ ಜನರನ್ನು ಅಪರಾಧಿಗಳೆಂದು ಗುರುತಿಸಿ ಹಾಜರಿ ತೆಗೆದುಕೊಳ್ಳುವ, 1871ರಲ್ಲಿ ಮೊದಲಾದ ಕಾನೂನು ರದ್ದಾದದ್ದು 1952ರಲ್ಲಿ. ಅದಕ್ಕೆ ಮುಂಚೆ ಹಾಜರಿ ತೆಗೆದ ಅಧಿಕಾರಿ ಕಾನೂನಿನಂತೆಯೇ ನಡೆದ. ಆದರೆ ಹೊಡೆತದ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ. ಬಳ್ಳಾರಿ, ಮಂಗಳೂರುಗಳೂ ಸೇರಿದ್ದ ಮದರಾಸು ಪ್ರಾಂತದಲ್ಲಿ ಚಿತ್ರಹಿಂಸೆಯನ್ನು ಕುರಿತು ವಿಚಾರಣಾ ಆಯೋಗ ವರದಿ ಕೊಟ್ಟದ್ದು 1855ರಲ್ಲಿ. ತಪ್ಪೊಪ್ಪಿಗೆ ಹೊರಡಿಸಲು ನೋಯಿಸಿದವನಿಗೆ ಏಳು ವರ್ಷದವರೆಗೆ ಸಜೆಯೆಂದು ಬರೆದದ್ದು 1860ರ ದಂಡಸಂಹಿತೆ. ಪೋಲೀಸಿನವನ ಮುಂದೆ ಒಪ್ಪಿಕೊಂಡ ಮಾತು ಸಾಕ್ಷ್ಯವಲ್ಲವೆಂದು 1872ರ ಸಾಕ್ಷ್ಯ ಕಾಯಿದೆಯ 25ನೆಯ ಪ್ರಕರಣ ಹೇಳಿತು. 2024ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯೂ ಅದನ್ನೇ ಉಳಿಸಿಕೊಂಡಿದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ ಮಾತು. 1964ರ ಕಾಲಕ್ಕೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಡೆಯುತ್ತಿತ್ತು, ಏಕೆಂದರೆ ಕಳವಾದ ಮನೆಯವರಿಗೆ ಒಡವೆ ಬೇಗ ಬರಬೇಕಾಗಿತ್ತು. ಆ ಮನೆಯವರು ನಾವೇ. "ನಾಲ್ಕು ಬಿಟ್ಟರೆ ಬಾಯಿ ಬಿಡ್ತಾನೆ" ಎನ್ನುವುದು ಠಾಣೆಯೊಳಗಿನವರಷ್ಟೇ ಅಲ್ಲ, ಹೊರಗೆ ಬೆಂಚಿನ ಮೇಲೆ ಕುಳಿತ ನಾವೂ.

ನ್ಯಾಯಾಧೀಶನಾಗುವುದಕ್ಕೆ ಇದೇ ತಡೆ. ಆ ಸಂಬಳದಿಂದ ಕಟ್ಟಿದ ಮನೆಯಲ್ಲಿದ್ದು, ಆ ಸಂಬಳದಿಂದ ಓದಿ, ತೀರ್ಪು ಬರೆಯುವುದು ಎಷ್ಟು ಸುಖದ ಕೆಲಸ! ಒಂದೇ ಕಡೆಯಿಂದ ನೋಡಿದರೆ ಚರಿತ್ರೆಯೂ ತಪ್ಪುತ್ತದೆ. 1938ರ ಏಪ್ರಿಲಿನಲ್ಲಿ ವಿದುರಾಶ್ವತ್ಥದಲ್ಲಿ ನಿಶ್ಶಸ್ತ್ರರಾದ ಜನರ ಮೇಲೆ ಗುಂಡು ಹಾರಿಸಿದ್ದು ಮೈಸೂರು ಪೋಲೀಸೇ. 1942ರಲ್ಲಿ ಈಸೂರಿನಲ್ಲಿ ಜನರ ಕೈಯಲ್ಲಿ ಸತ್ತವರಲ್ಲಿ ಅಮಲ್ದಾರರ ಜೊತೆಗೆ ಒಬ್ಬ ಸಬ್ ಇನ್‌ಸ್ಪೆಕ್ಟರೂ ಇದ್ದ. ಅದಕ್ಕಾಗಿ ಗಲ್ಲಿಗೇರಿದ ಐವರನ್ನು ನಾಡು ಹುತಾತ್ಮರೆಂದು ನೆನೆಯುತ್ತದೆ, ನೆನೆಯಬೇಕಾದದ್ದೇ. ಆದರೆ ಆ ಸಬ್ ಇನ್‌ಸ್ಪೆಕ್ಟರೂ ಒಬ್ಬ ತಾಯಿಯ ಮಗ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರೂ ಸತ್ತರು, ಪೋಲೀಸಿನವರೂ ಸತ್ತರು. ನಮ್ಮ ಪೋಲೀಸಿಗೆ ಮಾದರಿಯಾಗಿದ್ದ ಐರ್ಲೆಂಡಿನ ಪಡೆ 1922ರಲ್ಲಿ ವಿಸರ್ಜನೆಯಾಯಿತು. ಅದರಲ್ಲಿದ್ದವರನ್ನು ನೆನೆಯುವ ಸಭೆಯೊಂದನ್ನು 2020ರಲ್ಲಿ ಅಲ್ಲಿನ ಸರ್ಕಾರ ಏರ್ಪಡಿಸಹೊರಟಾಗ ದೇಶವೆಲ್ಲ ಗಲಾಟೆಯಾಗಿ ಸಭೆಯನ್ನು ಮುಂದೂಡಬೇಕಾಯಿತು. ನೂರು ವರ್ಷವಾದರೂ ಲೆಕ್ಕ ಚುಕ್ತವಾಗಿರಲಿಲ್ಲ.

ಹಾಗಾದರೆ ಮಗನ ಕರ್ತವ್ಯವೇನು? ಇಲ್ಲಿ ನನಗೆ ನೆರವಾದದ್ದು ನಮ್ಮ ನಾಡಿನದೇ ಒಂದು ಹಳೆಯ ವಿವೇಕ. ಯಾಜ್ಞವಲ್ಕ್ಯ ಸ್ಮೃತಿಗೆ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಮಿತಾಕ್ಷರವೆಂಬ ವ್ಯಾಖ್ಯಾನ ಬರೆದವನು ವಿಜ್ಞಾನೇಶ್ವರ. ತಂದೆಯ ಸಾಲವನ್ನು ಮಗ ತೀರಿಸಬೇಕೆಂದು ಆ ಶಾಸ್ತ್ರ ವಿಧಿಸುತ್ತದೆ. ಆದರೆ ಕುಡಿತದ, ಜೂಜಿನ ಸಾಲ ಮಗನಿಗೆ ಬರುವುದಿಲ್ಲ. ತಂದೆಗೆ ವಿಧಿಸಿದ ದಂಡವೂ ಬರುವುದಿಲ್ಲ. 2005ರ ತಿದ್ದುಪಡಿ ಹೊಸ ಸಾಲಗಳ ಮಟ್ಟಿಗೆ ಈ ಹೊಣೆಯನ್ನು ಕಾನೂನಿನಿಂದ ತೆಗೆದುಹಾಕಿದೆ. ಅದರ ಒಳಗಿನ ವಿಚಾರ ಮಾತ್ರ ಹಳೆಯದಾಗಿಲ್ಲ. ದಂಡವೆಂಬುದು ಮಾಡಿದವನಿಗೆ ಅಂಟಿದ್ದು. ಅದು ಅವನ ಜೊತೆಗೇ ಹೋಗುತ್ತದೆ. ಸಾಲಕ್ಕೆ ಹಾಗಲ್ಲ, ಅದಕ್ಕೆ ಇನ್ನೊಂದು ಕಡೆಯಲ್ಲಿ ಒಬ್ಬ ಮನುಷ್ಯನಿದ್ದಾನೆ, ಅವನಿಗೆ ಸಲ್ಲಬೇಕಾದದ್ದು ಸಲ್ಲದೆ ಉಳಿದಿದೆ. ತಂದೆಯ ತಪ್ಪಿಗೆ ನಾನು ಅಪರಾಧಿಯಲ್ಲ. ಅವರ ಪರವಾಗಿ ಕ್ಷಮೆ ಕೇಳುವ ಅಧಿಕಾರವೂ ನನಗಿಲ್ಲ. ಆದರೆ ಅವರ ಟ್ರಂಕಿನಲ್ಲಿ ಇನ್ನೊಬ್ಬನ ಸ್ವತ್ತು ಇತ್ತು: ಅವನ ಮಾತು. ಅದನ್ನು ಹಿಂದಿರುಗಿಸುವುದು ಸಾಲ.

ಅರ್ಜಿಯಲ್ಲಿದ್ದ ಊರಿಗೆ ಹೋದೆ. ಅರ್ಜಿದಾರ ತೀರಿಕೊಂಡು ಬಹಳ ವರ್ಷವಾಗಿತ್ತು, ವಯಸ್ಸಾದ ಮಗಳೊಬ್ಬಳಿದ್ದಳು. ನಾನು ಯಾರೆಂಬುದನ್ನು ಮೊದಲೇ ಹೇಳಿದೆ. ಆಕೆ ಸಿಟ್ಟಾಗಲಿಲ್ಲ. "ನಿಮ್ಮಪ್ಪಾರದು ಪೆಟ್ಟಿಗೆ ತುಂಬ ಕಾಗ್ದ ಐತೆ. ನಮ್ಮಪ್ಪಂದು ಏನೈತೆ ಸ್ವಾಮಿ?" ಎಂದಳು. ಅರ್ಜಿಯನ್ನು ಓದಿ ಹೇಳಿದೆ. ಬಲಗೈಯ ಮಾತು ಬಂದಾಗ ತಡೆದು, ಮತ್ತೊಮ್ಮೆ ಓದಿಸಿದಳು. ಆತ ಸಾಯುವವರೆಗೂ ಎಡಗೈಯಲ್ಲೇ ಮುದ್ದೆ ಮುರಿಯುತ್ತಿದ್ದನಂತೆ. ಹುಣಸೆಮರದಿಂದ ಬಿದ್ದೆನೆಂದು ಮಕ್ಕಳಿಗೆ ಹೇಳಿದ್ದನಂತೆ. "ಇನ್‌ಸ್ಪೆಕ್ಟರ ಮ್ಯಾಲೆ ಅರ್ಜಿ ಹಾಕಿದ್ನಾ ನಮ್ಮಪ್ಪ?" ಎಂದು ಕೇಳಿದಳು. ಹಾಕಿದ್ದ. ಆ ಕಾಲದಲ್ಲಿ, ಅಕ್ಷರ ಬಾರದ ಕೂಲಿಯವನು, ಸರ್ಕಾರಕ್ಕೆ. ನಕಲನ್ನು ಆಕೆಗೆ ಕೊಟ್ಟೆ.

ಇಬ್ಬರು ತಂದೆಯರೂ ಒಂದೇ ಸಂಗತಿಯನ್ನು ತಮ್ಮ ಮಕ್ಕಳಿಂದ ಬಚ್ಚಿಟ್ಟಿದ್ದರು; ಒಬ್ಬರು ಬಹುಶಃ ನಾಚಿಕೆಯಿಂದ, ಇನ್ನೊಬ್ಬನು ಅವಮಾನದಿಂದ. ಮೇಲಧಿಕಾರಿ ಕಾಣದ ಆಧಾರ ಒಂದು ಮನೆಯ ಊಟದ ತಟ್ಟೆಯ ಮುಂದೆ ವರ್ಷಗಟ್ಟಲೆ ಕುಳಿತಿತ್ತು. ಇದು ತಿಳಿದ ಮೇಲೆ ತಂದೆಯ ಮೇಲಿನ ನನ್ನ ಪ್ರೀತಿ ಕಡಿಮೆಯಾಯಿತೆ ಎಂದು ಸ್ನೇಹಿತರು ಕೇಳುತ್ತಾರೆ. ಇಲ್ಲ, ಆದರೆ ಈಗ ಅದು ಮೊದಲಿನಷ್ಟು ಹಗುರವಾಗಿಲ್ಲ. ಜಗಲಿಯ ಮೇಲಿನ ಅವರ ಮೌನವನ್ನು ಮೊದಲು ಗಾಂಭೀರ್ಯವೆಂದುಕೊಂಡಿದ್ದೆ. ಅದರಲ್ಲಿ ಬೇರೆಯದೂ ಇದ್ದಿರಬಹುದೆಂದು ಈಗ ತೋರುತ್ತದೆ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರೆಂಬ ಗಾದೆ ನಮ್ಮಲ್ಲುಂಟು. ಮನೆಯಲ್ಲಿ ಕೆಲವರಿಗೆ ಈ ಹುಡುಕಾಟ ಇಂದಿಗೂ ಸರಿಬಂದಿಲ್ಲ. ಆ ಅರ್ಜಿಯನ್ನಾದರೂ ಬೇರೆ ಇಡು ಎನ್ನುತ್ತಾರೆ. ನಾನು ಅದನ್ನು ಬೇರೆ ಇಟ್ಟಿಲ್ಲ. ತಂದೆ ಇಟ್ಟಿದ್ದ ಕಡೆಯೇ, ಬಹುಮಾನದ ಪತ್ರಗಳ ನಡುವೆಯೇ ಇದೆ. ಮುಂದೆ ಆ ಟ್ರಂಕನ್ನು ತೆರೆಯುವ ಮೊಮ್ಮಕ್ಕಳು ಎರಡನ್ನೂ ಒಟ್ಟಿಗೆ ಓದಲಿ.