ಬೆಲೆಯರಿತವನ ಧರ್ಮ

ಮಾರುವವನಿಗೆ ತನ್ನ ಕೈಯಲ್ಲಿರುವ ವಸ್ತುವಿನ ಬೆಲೆ ತಿಳಿಯದು. ಕೊಳ್ಳುವವನಿಗೆ ಚೆನ್ನಾಗಿ ತಿಳಿದಿದೆ. ಇಂತಹ ವ್ಯಾಪಾರದಲ್ಲಿ ತಿಳಿದವನು ಮೌನದಿಂದಿರುವುದು ಧರ್ಮವೆ? ಹಳೆಯ ವಸ್ತುಗಳಲ್ಲಿ ಅಭಿರುಚಿಯುಳ್ಳವರೆಲ್ಲರೂ ವಿಚಾರಿಸಬೇಕಾದ ಪ್ರಶ್ನೆಯಿದು.

ಅಭಿರುಚಿಯೇನೋ ನಿರ್ದೋಷವಾದುದು. ಫ್ರಾನ್ಸ್ ದೇಶದ ಹಳ್ಳಿಗಳಲ್ಲಿ ಜನರು ಅಟ್ಟದ ಮೇಲಿನ ಹಳೆಯ ಸಾಮಾನುಗಳನ್ನು ಬೀದಿಗೆ ತಂದಿಟ್ಟು ಮಾರುವ ಸಂತೆಗಳುಂಟು. ಊರಿಂದೂರಿಗೆ ಸಾವಕಾಶವಾಗಿ ಹೋಗಿ ಅವನ್ನು ನೋಡುವುದು ಹಲವರಿಗೆ ವಿನೋದ. ನಾವೂ ಬೆಳಿಗ್ಗೆ ಗಂಜಾಮಿನಿಂದ ಹೊರಟು, ಪಾಂಡವಪುರ ಮೇಲುಕೋಟೆಗಳನ್ನು ಹಾದು, ಹಿತ್ತಾಳೆಯ ಕೆಲಸಕ್ಕೆ ಹೆಸರಾದ ನಾಗಮಂಗಲವನ್ನು ನೋಡಿಕೊಂಡು ಸಂಜೆಗೆ ಹಿಂದಿರುಗಬಹುದು. ದಾರಿಯ ಯಾವುದೋ ಮನೆಯ ಮೂಲೆಯಲ್ಲಿ ಮಸಿ ಹಿಡಿದ ತೂಗುದೀಪ, ಗಿಂಡಿ, ತಾಳೆಯೋಲೆಯ ಕಟ್ಟು, ಆನೆಯ ಮುದ್ರೆಯುಳ್ಳ ಟಿಪ್ಪುವಿನ ಕಾಲದ ತಾಮ್ರದ ಕಾಸು ಕಣ್ಣಿಗೆ ಬೀಳುವುದುಂಟು. ಆದರೆ ಹಿತ್ತಾಳೆಯ ತೂಕಕ್ಕೆ ಹಣವೆಣಿಸಿ ಪೂರ್ವಿಕರ ಶಿಲ್ಪವನ್ನು ಎತ್ತಿಕೊಂಡು ಬರುವಾಗ ವಿನೋದವು ಧರ್ಮಪ್ರಶ್ನೆಯಾಗುತ್ತದೆ.

ಪೂರ್ವಪಕ್ಷವು ದುರ್ಬಲವಾದುದಲ್ಲ. "ಬೆಲೆ ಹೇಳಿದವನು ಅವನೇ, ಬಲಾತ್ಕಾರವೆಲ್ಲಿದೆ? ನನ್ನ ತಿಳಿವಳಿಕೆ ಶ್ರಮದಿಂದ ಸಂಪಾದಿಸಿದುದು. ನಾನು ಕೊಳ್ಳದಿದ್ದರೆ ದೀಪವು ಮೂಸೆಗೆ, ಓಲೆಯು ಒಲೆಗೆ."

ರೋಮಿನ ಸಿಸೆರೋ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನೇ ಚರ್ಚಿಸಿದ್ದಾನೆ. ಒಬ್ಬನು ಚಿನ್ನವನ್ನು ಹಿತ್ತಾಳೆಯೆಂದು ತಿಳಿದು ಮಾರುತ್ತಿದ್ದರೆ ಸಜ್ಜನನು ನಿಜವನ್ನು ಹೇಳಬೇಕೆ ಬೇಡವೆ? ಹೇಳಲೇಬೇಕೆಂಬುದೇ ಅವನ ಅಭಿಪ್ರಾಯ. ಸ್ಕೇವೊಲನೆಂಬವನು ಒಂದು ಭೂಮಿಯನ್ನು ಕೊಳ್ಳುವಾಗ, ಮಾರುವವನು ಹೇಳಿದ ಬೆಲೆ ಕಡಮೆಯಾಯಿತೆಂದು ತಾನೇ 1,00,000 ನಾಣ್ಯಗಳನ್ನು ಹೆಚ್ಚಾಗಿ ಕೊಟ್ಟನೆಂದೂ ಅಲ್ಲಿ ಹೇಳಿದೆ. ನಮ್ಮ ಮಹಾಭಾರತದ ಶಾಂತಿಪರ್ವದಲ್ಲಿ ತಪಸ್ವಿಯಾದ ಜಾಜಲಿಯು ಧರ್ಮವನ್ನು ಕಲಿಯಲು ಬಂದುದು ತುಲಾಧಾರನೆಂಬ ವರ್ತಕನ ಅಂಗಡಿಗೆ. ಆ ವರ್ತಕನ ಹೆಚ್ಚಳ ಒಂದೇ: ಅವನ ತಕ್ಕಡಿ ಸಕಲ ಪ್ರಾಣಿಗಳ ವಿಷಯದಲ್ಲಿಯೂ ಸಮವಾಗಿತ್ತು. ಅರಿವು ಒಂದೇ ತಟ್ಟೆಯಲ್ಲಿದ್ದರೆ ತಕ್ಕಡಿ ಸಮವೆನಿಸೀತೆ?

ಬಲಾತ್ಕಾರವಿಲ್ಲವೆಂಬ ಮಾತನ್ನು ಶ್ರೀರಂಗಪಟ್ಟಣದ ನೆರೆಯಲ್ಲಿರುವ ನಾವು ಎಚ್ಚರಿಕೆಯಿಂದ ಆಡಬೇಕು. 1799ನೆಯ ಮೇ 4ರಂದು ಕೋಟೆ ಬಿದ್ದಮೇಲೆ ಅರಮನೆ ಸೂರೆಯಾಯಿತು; ಸಿಂಹಾಸನವನ್ನು ಒಡೆದು ಹಂಚಿದರು; ಟಿಪ್ಪುವಿನ ಮರದ ಹುಲಿ ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಅವರು ಖಡ್ಗಬಲದಿಂದ ಕೊಂಡೊಯ್ದುದನ್ನು ಕುರಿತು ನಾವು ನಿಟ್ಟುಸಿರುಬಿಡುತ್ತೇವೆ. ಬಡವನ ಅಜ್ಞಾನವನ್ನು ಆಯುಧ ಮಾಡಿಕೊಂಡವನಿಗೆ ಆ ನಿಟ್ಟುಸಿರಿನ ಅಧಿಕಾರವುಂಟೆ?

ಇನ್ನು ಶ್ರಮದ ಮಾತು. ವೈದ್ಯನ ವಿದ್ಯೆಗೂ ಶ್ರಮವುಂಟು. ಅದಕ್ಕೆ ತಕ್ಕ ಸಂಭಾವನೆಯೂ ಉಂಟು. ಆದರೆ ರೋಗಿಗೆ ರೋಗವನ್ನು ಮುಚ್ಚಿಟ್ಟು ಲಾಭಪಡೆಯುವುದು ಸಂಭಾವನೆಯಲ್ಲ. ವಸ್ತುವನ್ನು ಉಳಿಸಿದೆನೆಂಬುದು ಪುಣ್ಯವೇ ಸರಿ. ಆದರೆ ಉಳಿಸಿದವನು ಅದನ್ನು ತನ್ನ ಗೋಡೆಗೆ ಅಲಂಕಾರ ಮಾಡಿಕೊಳ್ಳಬೇಕೆಂಬ ನಿಯಮವಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಯ ಕಟ್ಟಿನಲ್ಲಿಯೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದರು. ಆ ಕಟ್ಟು ಯಾರ ಬೀರುವಿನಲ್ಲಿಯೋ ಉಳಿದಿದ್ದರೆ ಲೋಕಕ್ಕೇನು ಪ್ರಯೋಜನವಾಗುತ್ತಿತ್ತು?

1972ರ ಪ್ರಾಚ್ಯವಸ್ತುಗಳ ಕಾನೂನು ಇಂತಹವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸದಂತೆ ತಡೆಯುತ್ತದೆ. ಆದರೆ ಹಳ್ಳಿಯ ಜಗಲಿಯ ಮೇಲೆ ನಡೆಯುವ ಮಾತಿಗೆ ಮನಸ್ಸಾಕ್ಷಿಯೇ ಕಾನೂನು. ಆದುದರಿಂದ ಕೊಳ್ಳುವವನು ಮೊದಲು ತಾನರಿತುದನ್ನು ಹೇಳಲಿ, ಆಮೇಲೆ ಬೆಲೆ ಕೇಳಲಿ. ಆಗ ಮನೆಯವರು ವಸ್ತುವನ್ನು ಮಾರದೆ ತಾವೇ ಇಟ್ಟುಕೊಂಡಾರು. ಬರಿಗೈಯಲ್ಲಿ ಹಿಂದಿರುಗಿದರೂ ಅದು ನಷ್ಟವಲ್ಲ. ದೀಪವು ಬೆಳಗಿದ ಮನೆಯಲ್ಲಿಯೇ ಉಳಿಯಿತು. ಅದರ ಬೆಲೆಯರಿತವರು ಇಬ್ಬರಾದರು.