ಗಿಡಗಳ ಹೆಸರು ಉಳಿದ ನೆಲ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ಅಗಸ್ಟಾ ನ್ಯಾಷನಲ್ ಗಾಲ್ಫ್ ಕ್ಲಬ್ಬಿನ ಹಸಿರನ್ನು ಏಪ್ರಿಲ್ ತಿಂಗಳ ಮಾಸ್ಟರ್ಸ್ ಪಂದ್ಯಗಳಲ್ಲಿ ಕಂಡವರಿಗೆ, ಅದೊಂದು ಕಾಲಕ್ಕೆ ಬೇಸಾಯದ ಭೂಮಿಯಾಗಿತ್ತೆಂಬುದು ಹೊಳೆಯುವುದೇ ಇಲ್ಲ. ನೀಲಿ ಬೆಳೆಯುತ್ತಿದ್ದ ಆ ಜಮೀನಿನಲ್ಲಿ 1854ರಲ್ಲಿ ಡೆನ್ನಿಸ್ ರೆಡ್ಮಂಡ್ ಕಟ್ಟಿಸಿದ ಮನೆಯೇ ಇಂದಿನ ಕ್ಲಬ್ ಹೌಸ್. ಬಳಿಕ ಬೆಲ್ಜಿಯಂ ಮೂಲದ ಬರ್ಕ್‌ಮನ್ಸ್ ಕುಟುಂಬ ಅಲ್ಲಿ ಫ್ರೂಟ್‌ಲ್ಯಾಂಡ್ ನರ್ಸರಿ ನಡೆಸಿ, ಪೀಚ್ ಸಸಿಗಳನ್ನೂ ಅಝೇಲಿಯ ಗಿಡಗಳನ್ನೂ ಬೆಳೆಸಿ ಹೆಸರಾಯಿತು. 1931ರಲ್ಲಿ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಮತ್ತು ಅವರ ಜೊತೆಗಾರ ಕ್ಲಿಫರ್ಡ್ ರಾಬರ್ಟ್ಸ್ ಕ್ಲಬ್ ಕಟ್ಟಲೆಂದು ಆ 365 ಎಕರೆಯನ್ನು ಕೊಂಡರು.

ಕೊಂಡವರು ಹಳೆಯ ತೋಟವನ್ನು ಮರೆಯಲಿಲ್ಲ. 18 ಹೋಲ್‌ಗಳಿಗೂ ಒಂದೊಂದು ಗಿಡದ ಹೆಸರಿಟ್ಟರು. 1850ರ ದಶಕದಲ್ಲಿ ಹಾಕಿದ ಮ್ಯಾಗ್ನೋಲಿಯದ ಸಾಲುಮರಗಳನ್ನು ಹಾಗೆಯೇ ಕಾಪಾಡಿಕೊಂಡರು. ನೆಲ ಕೈಬದಲಾದ ಕೂಡಲೇ ಬುಡಸಮೇತ ಕೆಡವುವವರೇ ಹೆಚ್ಚಿರುವ ಜಗತ್ತಿನಲ್ಲಿ ಇದು ಸಣ್ಣ ಗುಣವಲ್ಲ.

ಆದರೆ ಆ ಸಾಲುಮರಗಳು ಸಸಿಗಳಾಗಿದ್ದಾಗ ಜಾರ್ಜಿಯಾದಲ್ಲಿ ಮನುಷ್ಯರನ್ನು ಕೊಳ್ಳುವುದು, ಮಾರುವುದು ಕಾನೂನುಬದ್ಧವಾಗಿತ್ತು. ಮುಂದೆ ಕ್ಲಬ್ ಬಂದ ಮೇಲೂ ದಶಕಗಳವರೆಗೆ ಆಟಗಾರರ ಚೀಲ ಹೊರುವ ಕ್ಯಾಡಿಗಳೆಲ್ಲ ಕಪ್ಪುಜನರು, ಸದಸ್ಯರೆಲ್ಲ ಬಿಳಿಯರು. ಹುಲ್ಲಿನ ಓರೆಕೋರೆಗಳನ್ನೂ ಗಾಳಿಯ ವರಸೆಯನ್ನೂ ಆ ಕ್ಯಾಡಿಗಳಷ್ಟು ಅರಿತವರು ಯಾರಿದ್ದರು? ಆದರೂ ಮೊದಲ ಕಪ್ಪು ಸದಸ್ಯ ಬಂದದ್ದು 1990ರಲ್ಲಿ; ಮೊದಲ ಮಹಿಳಾ ಸದಸ್ಯರು 2012ರಲ್ಲಿ. ಗಿಡಗಳನ್ನು ಅಷ್ಟು ಪ್ರೀತಿಯಿಂದ ನೆನೆದವರಿಗೆ ಮನುಷ್ಯರು ಏಕೆ ನೆನಪಾಗಲಿಲ್ಲ? ಮರವನ್ನು ನೆನೆಯುವುದು ಸುಲಭ, ಅದು ಪಾಲು ಕೇಳುವುದಿಲ್ಲ. ದುಡಿದವರನ್ನು ನೆನೆದರೆ ಅವರನ್ನು ಒಳಗೆ ಕರೆಯಬೇಕಾಗುತ್ತದೆ, ಪಕ್ಕದಲ್ಲಿ ಕೂರಿಸಿಕೊಳ್ಳಬೇಕಾಗುತ್ತದೆ. ಈ ಸಂಕೋಚ ಒಂದು ಕ್ಲಬ್ಬಿನದಷ್ಟೇ ಎನ್ನಲು ನನಗೆ ಧೈರ್ಯವಿಲ್ಲ. ಜಮೀನು ಉಳ್ಳ ಯಾವ ಮನೆತನದ ಕಥೆಯಲ್ಲಿ ಆಳುಮಕ್ಕಳ ಹೆಸರುಗಳು ಪೂರ್ತಿಯಾಗಿ ಸಿಗುತ್ತವೆ?

ಲೀ ಎಲ್ಡರ್ ಹುಟ್ಟಿದ್ದು 1934ರಲ್ಲಿ, ಮಾಸ್ಟರ್ಸ್ ಆರಂಭವಾದ ವರ್ಷವೇ. ಅಲ್ಲಿ ಆಡಿದ ಮೊದಲ ಕಪ್ಪು ಆಟಗಾರರಾಗಲು ಅವರು 1975ರವರೆಗೆ ಕಾಯಬೇಕಾಯಿತು. 2021ರ ಏಪ್ರಿಲಿನಲ್ಲಿ ಪಂದ್ಯಕ್ಕೆ ಗೌರವ ಚಾಲನೆ ನೀಡಲು ಕ್ಲಬ್ ಅವರನ್ನು ಆದರದಿಂದ ಕರೆಸಿಕೊಂಡಾಗ ಚೆಂಡು ಹೊಡೆಯುವ ಶಕ್ತಿ ಉಳಿದಿರಲಿಲ್ಲ. ಅದೇ ನವೆಂಬರಿನಲ್ಲಿ ತೀರಿಕೊಂಡರು. ಆ ಆದರ ಪ್ರಾಮಾಣಿಕವಾದದ್ದೆಂದೇ ನಾನು ನಂಬುತ್ತೇನೆ. ಆದರೆ ಅದು ಅವರ ತೋಳಿನಲ್ಲಿ ಬಲವಿದ್ದಾಗಲೇ ಬರಬೇಕಿತ್ತು.